ನಾಮಫಲಕ ಮೀಮಾಂಸೆ: ಉಚ್ಚಿಲದ ಹೆದ್ದಾರಿ ಬದಿಯಲ್ಲಿ ರಚಿತವಾದ ಲಘುಭಾಷ್ಯ

ಸೂತ್ರ: ‘ನ್ಯೂ’ ಇದ್ದಲ್ಲಿ ದಾಯಾದಿ ಇದ್ದಾನೆ.

ವೃತ್ತಿ: ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸುವುದು ತಾರ್ಕಿಕರ ಹಳೆಯ ಅಭ್ಯಾಸ. ಹೆದ್ದಾರಿ 66ರಲ್ಲಿ ಪಡುಬಿದ್ರಿ ದಾಟಿ ಉಚ್ಚಿಲದ ಕಡೆ ಬರುವವನು ಬೋರ್ಡುಗಳನ್ನೂ ಹಾಗೆಯೇ ಓದತಕ್ಕದ್ದು. ಹೋಟೆಲಿನ ಹೆಸರಿಗೆ ‘ನ್ಯೂ’ ಸೇರಿದ್ದರೆ ಹಳೆಯದು ಹತ್ತಿರದಲ್ಲೇ ಎಲ್ಲೋ ಇದೆ. ಎರಡರ ಯಜಮಾನರೂ ಅಣ್ಣತಮ್ಮಂದಿರು. ಮದುವೆ ಊಟಕ್ಕೆ ಬೇರೆ ಬೇರೆ ಪಂಕ್ತಿಯಲ್ಲಿ ಕೂರುತ್ತಾರೆ. ‘ಒರಿಜಿನಲ್’ ಎಂದಿದ್ದರೆ ಅದು ಮೂರನೆಯದು. ‘ನಮಗೆ ಬೇರೆ ಶಾಖೆಗಳಿಲ್ಲ’ ಎಂಬ ಕೆಂಪಕ್ಷರದ ಸಾಲು ಕಂಡರೆ ಪಾಲಿನ ದಾವೆ ಇನ್ನೂ ಮುಗಿದಿಲ್ಲ.

ಪೂರ್ವಪಕ್ಷ: ಬೋರ್ಡು ಬೇರೆಯಾದರೇನು, ಸಾಂಬಾರೊಂದೇ ಅಲ್ಲವೇ ಎಂದು ಅದ್ವೈತಿಗಳು.

ಸಿದ್ಧಾಂತ: ಈ ಸೀಮೆಯಲ್ಲಿ ಆ ವಾದ ನಡೆಯದು. ಮಧ್ವಾಚಾರ್ಯರು ಹುಟ್ಟಿದ ಪಾಜಕ ಇಲ್ಲಿಂದ ದೂರವಿಲ್ಲ. ಜೀವಕ್ಕೂ ಜೀವಕ್ಕೂ, ಜಡಕ್ಕೂ ಜಡಕ್ಕೂ ಇರುವ ಭೇದ ಸತ್ಯವೆಂದು ಅವರು ಸಾರಿ ಏಳು ಶತಮಾನ ಕಳೆದ ಮೇಲೆ ಸಂಸತ್ತು ಅದನ್ನೇ 1999ರ ಟ್ರೇಡ್‌ಮಾರ್ಕ್ ಕಾಯ್ದೆಯೆಂದು ಬರೆದುಕೊಂಡಿತು. ಒಂದು ವಿಷಯದಲ್ಲಿ ಮಾತ್ರ ಕಾಯ್ದೆ ಶಾಸ್ತ್ರಕ್ಕಿಂತ ಕೆಳಗಿಳಿದಿದೆ. ಭೇದ ಜ್ಞಾನಿಗೆ ಕಂಡರೆ ಸಾಲದು, ಸಾಮಾನ್ಯ ಬುದ್ಧಿಯ, ಅರೆಬರೆ ನೆನಪಿನ ಗಿರಾಕಿಗೂ ಕಾಣಬೇಕೆಂಬುದು ಕೋರ್ಟುಗಳ ಅಳತೆ. ಬೆಳಗಿನ ತಿಂಡಿ ತಪ್ಪಿಸಿಕೊಂಡು ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತೇ ಬಂದವನು ಈ ಲಕ್ಷಣಕ್ಕೆ ಸಾಕ್ಷಾತ್ ಉದಾಹರಣೆ.

ಇಲ್ಲಿ ನಂದಿನಿ ಪ್ರಕರಣವೇ ಪ್ರಮಾಣ. ಕರ್ನಾಟಕದ ಹಾಲು ಮಹಾಮಂಡಳ 1985ರಿಂದ ಆ ಹೆಸರು ಬಳಸುತ್ತಿತ್ತು. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲು 1989ರಿಂದ. ಹೈಕೋರ್ಟಿನಲ್ಲಿ ಹಾಲಿನವರು ಗೆದ್ದರು. 2018ರ ಜುಲೈಯಲ್ಲಿ ಸುಪ್ರೀಂ ಕೋರ್ಟು ತೀರ್ಪನ್ನು ಮಗುಚಿತು. ನಂದಿನಿ ಪುರಾಣದ ದೇವಿಯ, ಹಸುವಿನ ಹೆಸರು. ಮಂಡಳ ಹೊಸದಾಗಿ ಹುಟ್ಟಿಸಿದ್ದಲ್ಲ. ಒಂದರ ಲಾಂಛನದಲ್ಲಿ ಹಸು, ಇನ್ನೊಂದರಲ್ಲಿ ದೀಪ. ಹಾಲು, ಹಾಲಿನ ಉತ್ಪನ್ನಗಳನ್ನು ಮಾತ್ರ ಹೋಟೆಲಿನವರು ಮುಟ್ಟಕೂಡದು. ಹಾಲಿನ ಪ್ಯಾಕೆಟ್ಟಿಗೆ ಹೋದವನು ಬಿರಿಯಾನಿ ಕಟ್ಟಿಸಿಕೊಂಡು ಬರುವುದಿಲ್ಲವೆಂಬುದು ಭಾಷ್ಯಕಾರನ ಟಿಪ್ಪಣಿ. ಇದೇ ನಂದಿನಿಗಾಗಿ ವಸಿಷ್ಠರ ಮೇಲೆ ವಿಶ್ವಾಮಿತ್ರರು ಹೂಡಿದ ಮೂಲದಾವೆಗೆ ಹೋಲಿಸಿದರೆ ಇದು ಬೇಗನೆ ಇತ್ಯರ್ಥವಾಯಿತು.

ಇನ್ನು ‘ಉಡುಪಿ’. ಈ ಕಡೆಯಿಂದ ಮುಂಬೈಗೆ ಹೋದ ಎ. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಅವರಂತೆ ಎಷ್ಟೋ ಜನ ಊರಿನ ಹೆಸರನ್ನೇ ಬಂಡವಾಳವಾಗಿ ಕಟ್ಟಿಕೊಂಡು ಘಟ್ಟ ಹತ್ತಿದರು. ಆದರೆ ಕಾಯ್ದೆಯ 9ನೇ ಕಲಮಿನಂತೆ ಬರಿಯ ಊರಿನ ಮೂಲವನ್ನು ಹೇಳುವ ಹೆಸರು, ದೀರ್ಘ ಬಳಕೆಯಿಂದ ಒಬ್ಬನದೇ ಎಂಬಷ್ಟು ಗುರುತಾಗದ ಹೊರತು, ಯಾರ ಸ್ವತ್ತಾಗಿಯೂ ನೋಂದಣಿಯಾಗದು. ಹೀಗಾಗಿ ಕನಕನ ಕಿಂಡಿ ಯಾವ ದಿಕ್ಕಿಗಿದೆಯೆಂದು ತಿಳಿಯದವನೂ ದಿಲ್ಲಿಯಲ್ಲಿ ಉಡುಪಿ ಬೋರ್ಡು ಏರಿಸಿ ಪನೀರ್ ದೋಸೆ ಹೊಯ್ಯಬಹುದು. ನನ್ನ ಮಟ್ಟಿಗೆ ಇದು ಒಳ್ಳೆಯದೇ ಆಯಿತು. ಯಾರೋ ಒಬ್ಬ ಚುರುಕಿನವನು ಮೊದಲೇ ಬರೆಸಿಕೊಂಡಿದ್ದರೆ ಮಿಕ್ಕವರೆಲ್ಲ ಇಡ್ಲಿ ಪಾತ್ರೆ ಒಲೆಯ ಮೇಲಿಟ್ಟೇ ವಕೀಲರ ನೋಟೀಸಿಗೆ ಉತ್ತರ ಬರೆಯಬೇಕಿತ್ತು.

ಹೋಟೆಲಿಗೆ ದಕ್ಕದ ಊರ ಹೆಸರಿನ ಭಾಗ್ಯ ಬದನೆಗೆ ದಕ್ಕಿದೆ. ಉಚ್ಚಿಲದಿಂದ ಕಾಪು ದಾಟಿ ಕಟಪಾಡಿಯಲ್ಲಿ ಎಡಕ್ಕೆ ಹೊರಳಿದರೆ ಮಟ್ಟು. ಬಲಕ್ಕೆ ಹೊರಳಿದರೆ ಶಂಕರಪುರ. ಎಡದ ಗುಳ್ಳವೆಂಬ ಬದನೆಗೂ ಬಲದ ಮಲ್ಲಿಗೆಗೂ ‘ಉಡುಪಿ’ ಎಂದೇ ಭೌಗೋಳಿಕ ಸೂಚ್ಯಂಕದ ಪಟ್ಟ ಸಿಕ್ಕಿದೆ. ಈ ಹಕ್ಕು ಒಬ್ಬನದಲ್ಲ, ಆ ಮಣ್ಣಿನ ಬೆಳೆಗಾರರೆಲ್ಲರದು. ವಾದಿರಾಜರು ಬೀಜ ಕೊಟ್ಟರೆಂಬ ಐತಿಹ್ಯವೇನೋ ಗುಳ್ಳದ ಬೆನ್ನಿಗಿದೆ, ಆದರೆ ಸಂತೆಯಲ್ಲಿ ಐತಿಹ್ಯಕ್ಕೆ ಬೆಲೆ ಕಡಿಮೆ. ಬೇರೆ ಗುಳ್ಳವನ್ನು ಮಟ್ಟುವಿನದೆಂದು ಮಾರುವವರ ಕಾಟಕ್ಕೆ ಬೆಳೆಗಾರರ ಸಂಘ ಕಾಯಿಗೇ ಸ್ಟಿಕ್ಕರ್ ಅಂಟಿಸಿತು. ತಿಳಿಹಸಿರು ಗುಂಡು ಮೈ, ನಡುವೆ ಕಾಗದದ ಚೂರು: ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡು ಪಂಕ್ತಿಗೆ ಕೂತ ಭಟ್ಟರ ಗಾಂಭೀರ್ಯ.

ಬಂಗುಡೆ, ಬೂತಾಯಿಗಳ ವಿಚಾರ ಈ ಗ್ರಂಥದ ಉತ್ತರಭಾಗಕ್ಕೆ ಸೇರಿದ್ದು. ಬಂಗುಡೆಯ ಮೈಗೆ ಸ್ಟಿಕ್ಕರ್ ನಿಲ್ಲುತ್ತದೆಯೇ ಎಂದು ಪ್ರಯೋಗ ಮಾಡಿ ನೋಡಲು ಉಚ್ಚಿಲದ ಮೀನು ಮಾರುವ ಹೆಂಗಸರು ಬುಟ್ಟಿ ಮುಟ್ಟಲು ಬಿಡದ ಕಾರಣ, ಅದರ ಪ್ರಕಟಣೆ ಸದ್ಯಕ್ಕೆ ನಿಂತಿದೆ.