ಹೈದರಾಲಿಯನ್ನು ತಡೆದ ಮನೆ

ವಿಮಾನದವರು ಕೊಡುವ 23 ಕಿಲೋದೊಳಗೆ ಕನ್ನಡ ಸಂಸ್ಕೃತಿಯನ್ನು ತುಂಬಲು ಕೂತಾಗ ಸಾಮಾನ್ಯವಾಗಿ ಶೇಂಗಾ ಚಟ್ನಿ ಗೆಲ್ಲುತ್ತದೆ, ಸಾಹಿತ್ಯ ಸೋಲುತ್ತದೆ. ಆದರೆ ಕೋಗಿಲಬನದ ನಮ್ಮ ಮನೆಯಲ್ಲಿ ತೂಕದ ಖಾತೆ ಅಪ್ಪನದು. ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಆಯುಷ್ಯ ಸವೆಸಿದ ಮನುಷ್ಯ. ಯಾವ ಪುಸ್ತಕ ಕೈಗೆ ಬಂದರೂ ಮೊದಲು ಹಾಳೆಯನ್ನು ಎರಡು ಬೆರಳಲ್ಲಿ ತಿಕ್ಕಿ, ‘ನಮ್ಮ ಕಾಡಿನ ಬಿದಿರು ಇದ್ದಂಗ ಐತಿ’ ಅಂದು, ಆಮೇಲೆ ಲೇಖಕರ ಹೆಸರು ಓದುತ್ತಾರೆ. ಹೀಗಾಗಿ ಚಟ್ನಿ ಡಬ್ಬಿ ಕೆಳಗಿಳಿಯಿತು, ತ.ರಾ.ಸು. ಅವರ ‘ದುರ್ಗಾಸ್ತಮಾನ’ ಮ್ಯಾಂಚೆಸ್ಟರಿಗೆ ಹೊರಟಿತು. ಹೆಂಡತಿ ದಾರಿಯುದ್ದಕ್ಕೂ ತ.ರಾ.ಸು. ಅವರೊಂದಿಗೆ ಮಾತು ಬಿಟ್ಟಿದ್ದಳು.

ಹೆಸರಿನಲ್ಲೇ ಕೊನೆಯನ್ನು ಹೇಳಿಬಿಡುವ ಕಾದಂಬರಿ ಅದು. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ಕೈಸೇರಿತು, ಮದಕರಿ ನಾಯಕ ಸೆರೆಯಾದ ಎಂಬುದನ್ನು ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೇವೆ. ಹಾಗಾದರೆ ಬೇಗ ಕೆಡವಬಾರದೇ? ತ.ರಾ.ಸು. ಅವರಿಗೆ ಅವಸರವೇ ಇಲ್ಲ. ಕಸ್ತೂರಿ ರಂಗಪ್ಪ ನಾಯಕನ ನಂತರ ಬರಿದಾದ ಗಾದಿಗೆ ಬಾಲಕ ಮದಕರಿಯನ್ನು ತಂದು ಕೂರಿಸುವಷ್ಟರಲ್ಲಿ ಒಳಗೊಂದು ಸಮಾಲೋಚನೆ, ಹೊರಗೊಂದು ಸಮಾಲೋಚನೆ, ಹಿರಿಯರ ಒಪ್ಪಿಗೆ, ಕಿರಿಯರ ಮುನಿಸು. ಆಫೀಸಿಗೆ ಹೋಗುವ ಟ್ರಾಮಿನಲ್ಲಿ ನಾನು ಪುಸ್ತಕ ತೆರೆದರೆ ದುರ್ಗದ ಮಂತ್ರಾಲೋಚನೆಯ ನಡುವೆಯೇ ತೂಕಡಿಸಿ, ಇಳಿಯಬೇಕಾದ ನಿಲ್ದಾಣ ದಾಟಿ ಹೋಗುತ್ತಿದ್ದೆ.

ಮಗಳ ಆಸಕ್ತಿ ಒನಕೆ ಓಬವ್ವನ ಮೇಲೆ ಮಾತ್ರ. ಪುಟ್ಟಣ್ಣ ಕಣಗಾಲರ 1972ರ ‘ನಾಗರಹಾವು’ ತೋರಿಸಿದ ತಪ್ಪಿಗೆ ಪ್ರತಿ ರಾಜ್ಯೋತ್ಸವಕ್ಕೂ ಅವಳು ಕನ್ನಡ ಕೂಟದ ವೇದಿಕೆಯಲ್ಲಿ ಲಟ್ಟಣಿಗೆ ಹಿಡಿದು ವೈರಿಗಳ ತಲೆ ಒಡೆಯುತ್ತಾಳೆ. ‘ಓಬವ್ವ ಬಂದಳಾ ಅಪ್ಪಾ?’ ಎಂದು ರಾತ್ರಿಯಾದರೆ ವಿಚಾರಣೆ. ಒಮ್ಮೆ ‘ಬಂದಳು’ ಅಂದೆ. ಓಡಿ ಬಂದಳು. ಬಂದಿದ್ದವಳು ರಾಜಮಾತೆ ಓಬವ್ವ ನಾಗತಿ; ಕೈಯಲ್ಲಿ ಒನಕೆ ಇಲ್ಲ. ಮಗಳು ಮೋಸಹೋದವಳಂತೆ ನನ್ನನ್ನು ನೋಡಿದಳು.

ಅಷ್ಟರಲ್ಲಿ ಹೆಂಡತಿ ಪುಸ್ತಕಕ್ಕೊಂದು ಉದ್ಯೋಗ ಹುಡುಕಿದ್ದಳು. ಊಟದ ಮೇಜು ಎಟುಕದ ಕಿರಿಮಗನನ್ನು ಅದರ ಮೇಲೆ ಕೂರಿಸಿದಳು. ಮದಕರಿಗಿಂತ ಮೊದಲೇ ನಮ್ಮ ಮಗನಿಗೆ ಪಟ್ಟವಾಯಿತು. ವಿಡಿಯೊ ಕಾಲಿನಲ್ಲಿ ಅವ್ವ ಕಂಡಳು. ‘ಸರಸ್ವತಿ ಮ್ಯಾಲ ಹುಡುಗನ್ನ ಕುಂದರಸೀರೇನೋ!’ ಅವಳ ಕೂಗು ಕಾಳಿ ನದಿಯ ಆಚೆ ದಡಕ್ಕೂ ಕೇಳಿಸಿರಬೇಕು. ದಂಡನೆಯೂ ಅಲ್ಲೇ ಘೋಷಣೆಯಾಯಿತು: ದಿನಾ ರಾತ್ರಿ ಎಲ್ಲರೆದುರು ಗಟ್ಟಿಯಾಗಿ ಓದಬೇಕು.

ಓದತೊಡಗಿದೆ. ಅಡುಗೆಮನೆಯಿಂದ ಪಾತ್ರೆಗಳ ಸದ್ದಷ್ಟೇ ಬರುತ್ತಿತ್ತು. ಒಂದು ರಾತ್ರಿ ಆ ಸದ್ದು ನಿಂತು, ‘ರೀ, ಆ ಮನಿಶ್ಯಾ ಯಾರ ಕಡೆಯಂವ?’ ಎಂಬ ಪ್ರಶ್ನೆ ಬಂತು. ಅರಮನೆಯ ಒಳಸಂಚು ಅವಳಿಗೆ ಕೂಡಲೇ ಅರ್ಥವಾಯಿತು. ಕನ್ನಡ ಕೂಟದ ಅಧ್ಯಕ್ಷರ ಚುನಾವಣೆಯನ್ನು ಹತ್ತಿರದಿಂದ ಕಂಡವಳು. ಮರುದಿನದಿಂದ ಅವಳಿಗೇ ಅವಸರ. ಯಾರು ನಂಬಿಗಸ್ತರು, ಯಾರು ನಯವಂಚಕರು ಎಂಬ ಪಟ್ಟಿ ಅವಳ ನಾಲಿಗೆಯ ತುದಿಯಲ್ಲಿತ್ತು.

ತ.ರಾ.ಸು. ಯಾಕೆ ನಿಧಾನಿಸಿದರೆಂದು ಆಗ ತಿಳಿಯಿತು. ಏಳು ಸುತ್ತಿನ ಕೋಟೆ ಬಿತ್ತೆಂದರೆ ಅದು ಪಠ್ಯಪುಸ್ತಕದ ಒಂದು ಸಾಲು. ಅದರೊಳಗಿನ ಒಬ್ಬೊಬ್ಬರ ಸಿಟ್ಟು, ಸೆಡವು, ನಿಷ್ಠೆ ಎಲ್ಲ ನಮ್ಮ ಮನೆಯ ಮಾತಾದ ಮೇಲೆ ಕೋಟೆ ಬಿದ್ದರೆ ಅದು ನಮ್ಮ ಮನೆಯ ಸಾವು. ಚಿತ್ರದುರ್ಗದ ಮೇಲೆ ಸಾಲುಸಾಲು ಕಾದಂಬರಿ ಬರೆದ ಅವರು ಈ ಕೊನೆಯದನ್ನು ಪ್ರಕಟಿಸಿದ್ದು 1982ರಲ್ಲಿ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ತ.ರಾ.ಸು. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಓದುಗರಷ್ಟೇ ನಿಧಾನ ಪ್ರಶಸ್ತಿಯೂ.

ಈಗ ಬಲಗೈಯಲ್ಲಿ ಉಳಿದಿರುವ ಪುಟಗಳು ತೆಳ್ಳಗಾಗಿವೆ. ಹೈದರನ ದಂಡು ಹತ್ತಿರವಾದಷ್ಟೂ ಮನೆಯಲ್ಲಿ ಓದು ಕುಂಟುತ್ತಿದೆ. ಒಬ್ಬರಿಗೆ ತಲೆನೋವು, ಒಬ್ಬರಿಗೆ ಹೋಮ್‌ವರ್ಕ್. ‘ದುರ್ಗಾ ಬಿತ್ತೇನೋ?’ ಎಂದು ಅಪ್ಪ ಫೋನಿನಲ್ಲಿ ಕೇಳಿದರೆ ಹೆಂಡತಿ ಫೋನು ಕಸಿದುಕೊಂಡು, ‘ಇಲ್ರೀ ಮಾವಾರ, ನಾವು ಬೀಳಗೊಡೂದಿಲ್ಲ’ ಅನ್ನುತ್ತಾಳೆ.

ಮೊನ್ನೆ ಕೂಟದ ಗೆಳೆಯರೊಬ್ಬರು ಪುಸ್ತಕ ಕಡ ಕೇಳಿದರು. ಇವಳು ಖಡಾಖಂಡಿತವಾಗಿ ಕೊಡಲಿಲ್ಲ. ಬಾಗಿಲು ಹಾಕಿ ಬಂದು ಗುಟ್ಟಿನಲ್ಲಿ ಹೇಳಿದಳು: ‘ಆ ಮನಿಶ್ಯಾ ಭಾಳ ಜಲ್ದಿ ಓದ್ತಾನ್ರೀ. ಎರಡ ದಿನದಾಗ ದುರ್ಗಾ ಕೆಡವಿ ತಂದು ಕೊಡ್ತಾನ.’