ಗೆರೆಗಾವಲು ಶಾಸ್ತ್ರ: ಬಾಲ ಕಬಡ್ಡಿಯಲ್ಲಿ ಪ್ರೇಕ್ಷಕ ನಿಗ್ರಹದ ಇಟಗಿ ಪದ್ಧತಿ

ಕಬಡ್ಡಿ ಅಂಕಣದ ಹೊರಗೆ ನಿಂತು ಒಳಗಿನ ಆಟವನ್ನು ತಾನೇ ಆಡಿಸುತ್ತಿದ್ದೇನೆಂದು ನಂಬಿರುವ ಜೀವಿಗೆ ಪ್ರೇಕ್ಷಕನೆಂದು ಹೆಸರು. ಅವನನ್ನು ಗೆರೆಯ ಆಚೆ, ಆಟಗಾರನನ್ನು ಗೆರೆಯ ಈಚೆ ಇರಿಸಿ, ನಡುವೆ ತಾನೂ ಬದುಕಿ ಉಳಿಯುವ ವಿದ್ಯೆಯೇ ಗೆರೆಗಾವಲು. ಈ ವಿದ್ಯೆಯ ಅಧಿಕಾರಿ ಸಹಾಯಕ ಸ್ಕೋರರ್. ಊರವರ ಬಾಯಲ್ಲಿ ಅವನು ಲೈನ್‌ಮನ್; ಪಂದ್ಯ ಬಿಗಿಯಾದಾಗ ಅವನಿಗೆ ಸಲ್ಲುವ ಉಳಿದ ಹೆಸರುಗಳು ಮುದ್ರಣಯೋಗ್ಯವಲ್ಲ.

ನಿಯಮದಂತೆ ಒಂದು ಪಂದ್ಯಕ್ಕೆ ಒಬ್ಬ ರೆಫರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್. ಔಟಾದವರ ಹೆಸರನ್ನು ಔಟಾದ ಕ್ರಮದಲ್ಲೇ ಬರೆದುಕೊಳ್ಳುವುದು ಸಹಾಯಕನ ಮೊದಲ ಕೆಲಸ, ಏಕೆಂದರೆ ಮರಳಿ ಜೀವ ಪಡೆಯುವುದೂ ಅದೇ ಸರದಿಯಲ್ಲಿ. ಅವರು ತಮ್ಮ ಚೌಕದಲ್ಲಿ ಕುಳಿತಿದ್ದಾರೆಯೇ ಎಂದು ನೋಡುವುದು ಎರಡನೆಯದು. ಯಾರಾದರೂ ಗೆರೆ ದಾಟಿದರೆ ಅಂಪೈರ್ ಗಮನಕ್ಕೆ ತರುವುದು ಮೂರನೆಯದು. ತೀರ್ಪು ಮಾತ್ರ ಅಂಪೈರ್‌ದು. ನೋಡುವ ಹೊಣೆ ಒಬ್ಬನದು, ಹೇಳುವ ಹಕ್ಕು ಇನ್ನೊಬ್ಬನದು. ಬೈಗುಳವೋ, ಹತ್ತಿರ ಸಿಕ್ಕವನದು. ಅಂಪೈರ್‌ಗೆ ಸೀಟಿಯಾದರೂ ಇದೆ. ಸಹಾಯಕನ ಕೈಯಲ್ಲಿರುವುದು ರಟ್ಟಿನ ಪ್ಯಾಡು ಮತ್ತು ಯಾರೋ ಕೇಳಿ ಒಯ್ಯಲಿರುವ ಪೆನ್ನು. ಫುಟ್‌ಬಾಲಿನ ಗೆರೆಗಾವಲಿಗರಿಗೆ 1891ರಿಂದ ನಿಯಮದಲ್ಲೇ ಸ್ಥಾನವಿದೆ, ಕೈಗೆ ಬಾವುಟವಿದೆ, 1996ರಿಂದ ಸಹಾಯಕ ರೆಫರಿ ಎಂಬ ಗೌರವದ ಹೆಸರೂ ಇದೆ. ಬೈಗುಳ ಅವರಿಗೂ ತಪ್ಪಿಲ್ಲ. ಮಕ್ಕಳ ಪಂದ್ಯಗಳಲ್ಲಿ ಪಾಲಕರ ಬಾಯಿಗೆ ಹೆದರಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2008ರಲ್ಲಿ ‘ರೆಸ್ಪೆಕ್ಟ್’ ಎಂಬ ಆಂದೋಲನವನ್ನೇ ಹೂಡಬೇಕಾಯಿತು.

ಇನ್ನು ಕ್ಷೇತ್ರವಿಚಾರ. ಕೊಪ್ಪಳ ಜಿಲ್ಲೆಯ ಇಟಗಿ ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿತ್ತು, ಈಗ ಕುಕನೂರಿಗೆ ಸೇರಿದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಇಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನು ಶಾಸನವು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಅಲ್ಲಿ ಕಲ್ಲಿನ ಕಂಬಗಳ ಮೇಲೆ ಕೊರೆದ ಗೆರೆಗಳು ಇಂದಿಗೂ ಚೂಪು. ಅದೇ ಸೀಮೆಯ ಶಾಲಾ ಬಯಲಿನಲ್ಲಿ ಎಳೆದ ಸುಣ್ಣದ ಗೆರೆ ಮೊದಲರ್ಧದ 15 ನಿಮಿಷ ಬಾಳಿದರೆ ದೊಡ್ಡದು. ವಲಯ ಮಟ್ಟದ ಕ್ರೀಡಾಕೂಟಗಳು ಬರುವುದೇ ಮಳೆಗಾಲದಲ್ಲಿ. ಮಸಾರಿ ನೆಲವಾದರೆ ಗೆರೆ ಧೂಳಾಗಿ ಹಾರುತ್ತದೆ. ಎರಿ ನೆಲವಾದರೆ ಪ್ರೇಕ್ಷಕರ ಚಪ್ಪಲಿಗೆ ಮೆತ್ತಿಕೊಂಡು ಅವರವರ ಮನೆ ಸೇರುತ್ತದೆ.

ಇದರಿಂದ ಹುಟ್ಟುವ ತೊಡಕು ಸಣ್ಣದಲ್ಲ. ಕಬಡ್ಡಿಯಲ್ಲಿ ಗೆರೆ ಅಂಕಣದ ಭಾಗವೇ. ಅದರ ಆಚೆಯ ನೆಲ ಮುಟ್ಟಿದರೆ ಮಾತ್ರ ಔಟ್. ಗೆರೆಯ ಅಗಲ 3ರಿಂದ 5 ಸೆಂಟಿಮೀಟರ್ ಇರಬೇಕೆಂದು ನಿಯಮ. ಮುಂದಿನ ಸಾಲಿನವರು ಕಾಲು ಸರಿಸಿ ಸರಿಸಿ ಅದನ್ನು ಗೇಣಗಲ ಮಾಡಿದಾಗ ಆ ಬದಿಯ ತಂಡಕ್ಕೆ ಅಷ್ಟು ರಾಜ್ಯ ಪುಕ್ಕಟೆ ವಿಸ್ತಾರವಾಗುತ್ತದೆ. ಯಾವ ಊರಿನ ಪ್ರೇಕ್ಷಕರು ಯಾವ ಬದಿಯಲ್ಲಿ ನಿಂತರೆಂಬುದು ಹೀಗೆ ಅಂಕಪಟ್ಟಿಗೂ ಸಂಬಂಧಿಸಿದ ಸಂಗತಿ.

ಸಬ್ ಜೂನಿಯರ್ ಅಂಕಣ 11 ಮೀಟರ್ ಉದ್ದ, 8 ಮೀಟರ್ ಅಗಲ. ಸುತ್ತಳತೆ 38 ಮೀಟರ್. ಒಬ್ಬನಿಗೆ ಒಂದೂವರೆ ಅಡಿ ಹಿಡಿದರೂ ಮುಂದಿನ ಸಾಲಿನಲ್ಲೇ 83 ಜನ ಹಿಡಿಸುತ್ತಾರೆ. ನಿಯಮ ಪುಸ್ತಕ ಸುತ್ತಲೂ 4 ಮೀಟರ್ ಖಾಲಿ ಜಾಗ ಕೇಳುತ್ತದೆ. ಖಾಲಿ ಜಾಗವನ್ನು ಈ ಸೀಮೆಯಲ್ಲಿ ಕುಳಿತುಕೊಳ್ಳುವ ಆಹ್ವಾನವೆಂದು ತಿಳಿಯುವುದು ವಾಡಿಕೆ.

ಪ್ರೇಕ್ಷಕ ಭೇದಗಳಲ್ಲಿ ಚಿಕ್ಕ ಹುಡುಗರು ಗಣನೆಗೆ ಬರುವುದಿಲ್ಲ. ಗದರಿದರೆ ಸರಿಯುತ್ತಾರೆ, ಗದರಿದವನು ತಿರುಗಿದರೆ ಮರಳುತ್ತಾರೆ. ಎಲಿ-ಅಡಿಕಿಯವರೂ ನಿರುಪದ್ರವಿಗಳು, ಉಗುಳುವ ದಿಕ್ಕೊಂದನ್ನು ಗಮನಿಸಿದರೆ ಸಾಕು. ನಿಜವಾದ ವ್ಯಾಸಂಗಕ್ಕೆ ಯೋಗ್ಯನಾದವನು ಮಾಜಿ ಆಟಗಾರ. ಮೊಣಕಾಲಿನ ಹಳೆಯ ಗಾಯವೇ ಇವನ ಪ್ರಮಾಣಪತ್ರ. ಸಹಾಯಕನ ಬಲಭುಜದ ಹಿಂದೆ ನಿಂತು ಪ್ರತಿ ರೇಡಿಗೂ ಭಾಷ್ಯ ಬರೆಯುತ್ತಾನೆ. ಸಹಾಯಕ ತಲೆ ತಗ್ಗಿಸಿ ಔಟಾದವನ ನಂಬರ್ ಬರೆಯುವ ಆ ಎರಡು ಸೆಕೆಂಡಿನಲ್ಲೇ ಇನ್ನೊಬ್ಬನ ಹಿಮ್ಮಡಿ ಗೆರೆ ದಾಟುವುದು ಈ ಆಟದ ಪ್ರಕೃತಿನಿಯಮ. ಆಗ ‘ಏ ಸರ, ಔಟ್ ಆಗ್ಯಾನ್ರೀ! ಬರಕೋಂತ ಕುಂತ್ರ ಹೆಂಗ್ರೀ?’ ಎಂದು ಕಿವಿಯೊಳಗೆ ಕೂಗುವವನೂ ಇವನೇ. ಕಷ್ಟವೆಂದರೆ, ಹತ್ತಕ್ಕೆ ಆರು ಸಲ ಇವನು ಹೇಳಿದ್ದು ಸರಿ ಇರುತ್ತದೆ.

ಮೊಬೈಲ್‌ಧಾರಿ ಅರ್ವಾಚೀನ ಪ್ರಭೇದ. 2014ರಲ್ಲಿ ಪ್ರೊ ಕಬಡ್ಡಿ ಶುರುವಾಗಿ ಟಿವಿಯಲ್ಲಿ ರಿವ್ಯೂ ಕಂಡ ಮೇಲೆ ಇವನ ಸಂತತಿ ಬೆಳೆಯಿತು. ವಿವಾದ ಎದ್ದೊಡನೆ ಪರದೆಯನ್ನು ಸಹಾಯಕನ ಮೂಗಿನ ಹತ್ತಿರ ಹಿಡಿಯುತ್ತಾನೆ. ಬಿಸಿಲಿಗೆ ಅದರಲ್ಲಿ ಕಾಣುವುದು ಸಹಾಯಕನ ಮುಖವೇ. ನೆರಳಿಗೆ ಒಯ್ದು ನೋಡಿದರೆ ಆ ಗಳಿಗೆಯಲ್ಲಿ ಕ್ಯಾಮೆರಾ ತನ್ನ ಊರಿನ ರೇಡರನ ಮುಖದ ಮೇಲಿತ್ತೆಂದು ತಿಳಿಯುತ್ತದೆ.

ಉಪಾಯಗಳ ವಿಷಯದಲ್ಲಿ ಪ್ರಾಚೀನರು ಕೈಬಿಟ್ಟಿಲ್ಲ. ನಾಟ್ಯಶಾಸ್ತ್ರದ ಮೊದಲ ಅಧ್ಯಾಯದ ಪ್ರಕಾರ ಪ್ರಥಮ ನಾಟಕದ ವಸ್ತು ಅಸುರರ ಸೋಲು. ನೋಡಲು ಬಂದವರಲ್ಲಿ ಅಸುರರೂ ಇದ್ದರು. ಸೋತ ಪಕ್ಷದವರು ಆಟ ಕೆಡಿಸಿದ ಅತಿ ಹಳೆಯ ಪ್ರಸಂಗಗಳಲ್ಲಿ ಇದೊಂದು. ಇಂದ್ರನು ಧ್ವಜದಂಡ ಹಿಡಿದು ಅವರನ್ನು ಬಡಿದ, ಆ ಕೋಲಿಗೆ ಜರ್ಜರವೆಂಬ ಹೆಸರೂ ಬಂತು. ಗಲಾಟೆ ನಿಂತಿತೇ ಎಂದರೆ ಇಲ್ಲ. ರಂಗಮಂದಿರ ಕಟ್ಟಿ ಮೂಲೆಮೂಲೆಗೆ ಕಾವಲು ಇಡಬೇಕಾಯಿತು, ಕಡೆಗೆ ಬ್ರಹ್ಮನೇ ಬಂದು ಸಮಾಧಾನದ ಮಾತಾಡಬೇಕಾಯಿತು. ದಂಡೋಪಾಯದ ಮಿತಿ ಇಂದ್ರನಿಗೇ ಅಷ್ಟಿದ್ದಾಗ, ಜರ್ಜರವೂ ಇಲ್ಲದ ಸಹಾಯಕನು ಆ ದಾರಿ ಹಿಡಿಯತಕ್ಕದ್ದಲ್ಲ.

ಸಾಮಕ್ಕೆ ಸಂಬೋಧನೆಯೇ ಸಾಧನ. ‘ಹಿಂದಕ ಸರೀರಿ’ ಎಂದು ಗಾಳಿಗೆ ಹೇಳಿದರೆ ಪ್ರತಿಯೊಬ್ಬನೂ ಪಕ್ಕದವನನ್ನು ನೋಡುತ್ತಾನೆ. ‘ಕಾಕಾ, ಒಂಚೂರು ಹಿಂದಕ ಬರ್ರಿ, ಹುಡುಗ ಬಿದ್ರ ನಿಮಗ ಪೆಟ್ಟಾಕ್ಕೈತಿ’ ಎಂದರೆ ಎರಡು ಹೆಜ್ಜೆ ಸಿಗುತ್ತದೆ. ‘ಯಜಮಾನ್ರ’ ಎಂದರೆ ಒಂದೂ ಸಿಗದು. ಕರೆಸಿಕೊಂಡವನು ಅದನ್ನು ಮರ್ಯಾದೆಯೆಂದು ಸ್ವೀಕರಿಸಿ, ಅಲ್ಲೇ ಕುರ್ಚಿ ತರಿಸುತ್ತಾನೆ. ಭೇದೋಪಾಯವೆಂದರೆ ಎರಡೂ ಊರಿನವರನ್ನು ಎದುರುಬದುರು ನಿಲ್ಲಿಸುವುದು. ಅವರು ಪರಸ್ಪರ ಬೈಯುವಷ್ಟು ಹೊತ್ತು ಸಹಾಯಕನಿಗೆ ಬಿಡುವು.

ಎಲ್ಲಕ್ಕಿಂತ ಮಿಗಿಲು ದಾನ, ಅಂದರೆ ಕೆಲಸ ದಾನ. ಅತಿ ಹೆಚ್ಚು ಕೂಗುವವನನ್ನು ಗುರುತಿಸಿ, ಅರ್ಧ ವಿರಾಮದ 5 ನಿಮಿಷದಲ್ಲಿ ಸುಣ್ಣದ ಬುಟ್ಟಿಯನ್ನು ಅವನ ಕೈಗೇ ಕೊಡಬೇಕು. ಮಾಜಿ ಆಟಗಾರನಾದರೆ ಉತ್ತಮ. ಮೊದಲು ಅನುಮಾನಿಸುತ್ತಾನೆ, ಆಮೇಲೆ ಬಗ್ಗಿ, ಹಗ್ಗ ಹಿಡಿಸಿ, ಮುಷ್ಟಿಯಿಂದ ಪುಡಿ ಬಿಡುತ್ತ ಮೂಲೆಯಿಂದ ಮೂಲೆಗೆ ಗೆರೆ ಎಳೆಯುತ್ತಾನೆ. ಎರಡನೆಯ ಅರ್ಧ ಆರಂಭವಾದ ಮೇಲೆ ಆ ಗೆರೆಯನ್ನು ಯಾರು ತುಳಿದರೂ ಅವನು ಸಹಿಸುವುದಿಲ್ಲ, ತಮ್ಮೂರವರಾದರೂ ಸರಿ. ಅಧಿಕಾರ ಸಿಗದವನೇ ಅಂಕಣಕ್ಕೆ ನುಗ್ಗುವವನು. ಈ ತತ್ತ್ವವನ್ನು ಶಾಲಾ ಬಯಲಿನ ಆಚೆಗೂ ಬಳಸಬಹುದೇ ಎಂಬುದು ರಾಜ್ಯಶಾಸ್ತ್ರದವರಿಗೆ ಬಿಟ್ಟ ವಿಷಯ. ದೋಷ ಒಂದೇ: ಹೊಸ ಗೆರೆಯಿಂದಾಗಿ ಅಂಕಣವು ಅವನ ಊರಿನ ಕಡೆಗೆ ನಾಲ್ಕು ಬೆರಳು ಹೆಚ್ಚಿರುತ್ತದೆ.

ಉತ್ತರಕರ್ಮ ಚಿಕ್ಕದು. ಕೊನೆಯ ಸೀಟಿ ಆದೊಡನೆ ಎರಡೂ ನಾಯಕರ ಸಹಿ ಪಡೆಯಬೇಕು, ಗೆದ್ದವರು ಕುಣಿಯಲು ಹೋಗುವ ಮುಂಚೆ. ಪೆನ್ನು ಮರಳಿ ಪಡೆಯುವ ಆಸೆ ಬಿಡಬೇಕು. ಅಂಕಪಟ್ಟಿಯ ಹಾಳೆಯನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಮುಖ್ಯಗುರುಗಳ ಕೋಣೆ ಸೇರಿ ಚಹಾ ಕುಡಿಯಬೇಕು. ಸೋತ ಊರಿನ ಟ್ರ್ಯಾಕ್ಟರ್ ಹೊರಡುವ ತನಕ ಅದನ್ನು ಯಾರು ಕೇಳಿದರೂ ಹೊರಗೆ ತೆಗೆಯತಕ್ಕದ್ದಲ್ಲ.