ಸೆಮಿನಾರ್ ಮೀಮಾಂಸೆ

ಕಾನೂನು ಕಾಲೇಜಿನ ಕೊನೆಯ ವರ್ಷದಲ್ಲಿ ಉದಯಿಸಿ, ಇಂಟರ್ನಲ್ಸ್ ಅಂಕ ಬಿದ್ದೊಡನೆ ಅಸ್ತಮಿಸುವ ಜ್ಞಾನವಿಶೇಷಕ್ಕೆ ‘ಉನ್ನತ ಸೆಮಿನಾರ್’ ಎಂದು ಹೆಸರು. ಇದಕ್ಕೊಂದು ಶಾಸ್ತ್ರವಿಲ್ಲವೆಂಬ ಕೊರತೆಯನ್ನು ನೀಗಿಸಲು, ಮೀಮಾಂಸಕರ ಕ್ರಮವನ್ನು ಅನುಸರಿಸಿ ಈ ಪ್ರಬಂಧವನ್ನು ವಿದ್ವಜ್ಜನರ ಮುಂದಿಡಲಾಗಿದೆ.

ಅಧಿಕಾರಿ: ಈ ಶಾಸ್ತ್ರಕ್ಕೆ ಯಾರು ಅರ್ಹರು? ಶೇಕಡ 70 ಹಾಜರಿ ಉಳ್ಳವರು ಎಂದು ಬಾರ್ ಕೌನ್ಸಿಲಿನ 2008ರ ನಿಯಮಗಳು ಹೇಳುತ್ತವೆ. ಈ ನಿಯಮ ದೇಹಕ್ಕಷ್ಟೇ ಅನ್ವಯಿಸುತ್ತದೆಂಬುದು ಕೊನೆಯ ಬೆಂಚಿನ ವ್ಯಾಖ್ಯಾನಕಾರರ ಸರ್ವಾನುಮತದ ಅಭಿಪ್ರಾಯ.

ವಿಷಯ: ಸೆಮಿನಾರಿಗೆ ಸರ್ವಕಾಲಕ್ಕೂ ಸಲ್ಲುವ ವಿಷಯ ಕೇಶವಾನಂದ ಭಾರತಿ ಪ್ರಕರಣ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಕೇರಳದ ಭೂಸುಧಾರಣೆಯ ವಿರುದ್ಧ 1970ರಲ್ಲಿ ಹೂಡಿದ ಅರ್ಜಿಯನ್ನು ಆಲಿಸಲು 13 ನ್ಯಾಯಮೂರ್ತಿಗಳು ಕೂತರು. 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 11 ತೀರ್ಪು ಕೊಟ್ಟರು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 7-6ರಲ್ಲಿ ನಿರ್ಣಯವಾಯಿತು. ಇಷ್ಟನ್ನೂ ವಿದ್ಯಾರ್ಥಿಯು 12 ಸ್ಲೈಡಿನಲ್ಲಿ ಹೇಳತಕ್ಕದ್ದು. ಮೊದಲನೆಯದು ತನ್ನ ಹೆಸರಿಗೆ, ಕೊನೆಯದು ‘ಥ್ಯಾಂಕ್ಯೂ’ಗೆ ಮೀಸಲು. ಉಳಿದ 10ರಲ್ಲಿ 13 ಮಂದಿ ಹಿಡಿಸರು. ಆದಕಾರಣ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರನ್ನು ಉಳಿಸಿಕೊಂಡು ಮಿಕ್ಕವರಿಗೆ ಕೈಮುಗಿಯುವುದು ಸಂಪ್ರದಾಯ.

ಸಂಶಯ: ಸೆಮಿನಾರೆಂದರೆ ಓದಿ ಮಾತಾಡುವುದೋ, ಮಾತಾಡಿ ಓದಿದಂತೆ ತೋರುವುದೋ?

ಪೂರ್ವಪಕ್ಷ: ಓದಬೇಕಾಗಿಲ್ಲ, ಹೆಡ್‌ನೋಟ್ ಸಾಕು. ಇದಕ್ಕೆ ಪ್ರಮಾಣ ಮೂರು. ಪ್ರತ್ಯಕ್ಷ: ಲೈಬ್ರರಿಯ ಸಂಪುಟದ ಮೇಲಿನ ಧೂಳು. ಅನುಮಾನ: ಎಲ್ಲೆಲ್ಲಿ ಧೂಳೋ ಅಲ್ಲಲ್ಲಿ ಓದುಗನ ಅಭಾವ. ಶಬ್ದ: “ಏ ಮಗಾ, ಅಷ್ಟೆಲ್ಲ ಯಾರೋ ಓದ್ತಾರೆ, ಹೆಡ್‌ನೋಟ್ ಹೊಡ್ಕೊಂಡು ಹೋಗು” ಎಂಬ ಸೀನಿಯರ್ ವಾಕ್ಯ. ಇದನ್ನು ಯಾರು ಮೊದಲು ನುಡಿದರೆಂದು ತಿಳಿಯದ ಕಾರಣ ಇದು ಅಪೌರುಷೇಯ.

ಆಕ್ಷೇಪ: ಪ್ರೊಫೆಸರು ನಿದ್ದೆ ತಿಳಿದೆದ್ದು, “ಖನ್ನಾ ಯಾವ ಕಡೆಯವರಪ್ಪಾ, ಏಳರವರೋ ಆರರವರೋ?” ಎಂದರೆ?

ಪರಿಹಾರ: “ನೆಕ್ಸ್ಟ್ ಸ್ಲೈಡಲ್ಲಿ ಬರುತ್ತೆ ಸಾರ್.” ನೆಕ್ಸ್ಟ್ ಸ್ಲೈಡು ‘ಥ್ಯಾಂಕ್ಯೂ’. ಕೂಡಲೇ ಚಪ್ಪಾಳೆ.

ಸಿದ್ಧಾಂತ: ಪೂರ್ವಪಕ್ಷಕ್ಕೆ ಬಲವಾದ ಆಧಾರವೊಂದಿದೆ, ಅದನ್ನು ಆ ಪಕ್ಷದವರೂ ಓದದೇ ಬಿಟ್ಟಿದ್ದಾರೆ. 11 ತೀರ್ಪುಗಳ ಸಾರವೇನೆಂದು ಜನಕ್ಕೆ ತಿಳಿಯಲೆಂದು ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರ ಪೀಠವೇ ‘ಬಹುಮತದ ಅಭಿಪ್ರಾಯ’ ಎಂಬ ಪುಟ್ಟ ಸಾರಾಂಶ ಹೊರಡಿಸಿತು. ಆದರೆ ಅದಕ್ಕೆ ಸಹಿ ಹಾಕಿದವರು 9 ಮಂದಿ, ಹಾಕದವರು 4. ಖನ್ನಾ ಅವರಂತೂ, ಮೂಲಭೂತ ಹಕ್ಕುಗಳು ಮೂಲ ಸ್ವರೂಪದೊಳಗೆ ಬರುವುದಿಲ್ಲವೆಂದು ತಾವು ಹೇಳಿಲ್ಲವೆಂದು 1975ರ ಇಂದಿರಾ ಗಾಂಧಿ ಚುನಾವಣಾ ಪ್ರಕರಣದಲ್ಲಿ ಸ್ಪಷ್ಟೀಕರಣ ಬರೆಯಬೇಕಾಯಿತು. ಬರೆದವರಿಗೇ ಸಾರಾಂಶದಲ್ಲಿ ಒಮ್ಮತವಿಲ್ಲದ ಮೇಲೆ, ಜೆರಾಕ್ಸ್ ಅಂಗಡಿಯ ಗೈಡಿಗೆ ಅದು ದಕ್ಕೀತೆಂಬ ವಾದ ವಜಾ. ಹೆಡ್‌ನೋಟ್ ತೀರ್ಪಿನ ಭಾಗವೇ ಅಲ್ಲ. ಅದು ವರದಿಗಾರ ಬರೆದದ್ದು.

ಫಲಶ್ರುತಿ: ಈ ಪ್ರಬಂಧವನ್ನು ಭಟ್ಟಿ ಇಳಿಸಿ ಸೆಮಿನಾರು ಕೊಡಲು ಯಾರದೂ ಅಡ್ಡಿಯಿಲ್ಲ. ತೀರ್ಪಿನ ಏಳುನೂರು ಪುಟ ಓದಲಾಗದಿದ್ದರೆ ಬೇಡ. ಖನ್ನಾ ಅವರ ತೀರ್ಪೊಂದನ್ನಾದರೂ ಓದಿಕೊಂಡು ಹೋಗಿ. ಪ್ರೊಫೆಸರೂ ಓದಿರಲಾರರು, ಹೆದರಬೇಡಿ.